ಹಿಂದಿನ ಚಕ್ರಕ್ಕೆ ಎಷ್ಟು ಗಾಳಿ

ಹೂಡಿಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನನ್ನ ಸ್ಕೂಟರಿಗೂ ಲಿಫ್ಟಿಗೂ ನಡುವೆ ಒಂದು ಸಾಲು ಬೈಕುಗಳು ನಿಂತಿರುತ್ತವೆ. ಅವುಗಳ ಪಕ್ಕದಲ್ಲಿ ನಾನು ಸುಮ್ಮನೆ ನಡೆದುಹೋಗಲಾರೆ. ಬಗ್ಗಿ, ಹೆಬ್ಬೆರಳಿನಿಂದ ಒಂದೊಂದು ಟೈರನ್ನೂ ಒತ್ತಿ ನೋಡುತ್ತೇನೆ. ಯಾರದು, ಎಂಥದು ಎನ್ನುವ ಭೇದವಿಲ್ಲ. ಮಕ್ಕಳ ಸೈಕಲ್ಲನ್ನೂ ಬಿಡುವುದಿಲ್ಲ. ಕೈಯಲ್ಲಿ ತರಕಾರಿ ಚೀಲವಿದ್ದರೆ ಅದನ್ನು ಕೆಳಗಿಟ್ಟು ಒತ್ತುತ್ತೇನೆ.

ಹೊಸದಾಗಿ ಬಂದಿದ್ದ ವಾಚ್‌ಮನ್ ಶರಣಪ್ಪ ಕೆಲವು ದಿನ ಕಂಬದ ಮರೆಯಿಂದ ಇದನ್ನು ಗಮನಿಸಿ, ಕಡೆಗೊಮ್ಮೆ ಎದುರಿಗೇ ಬಂದು ನಿಂತ. ಗದಗದ ಕಡೆಯವನು.

"ಮೇಡಂ, ಯಾರ ಗಾಡಿ ಹುಡುಕಾಕತ್ತೀರಿ?"

"ಹುಡುಕ್ತಾ ಇಲ್ಲ. ಗಾಳಿ ನೋಡ್ತಿದೀನಿ."

"ಎಲ್ಲಾರದೂ?"

"ಎಲ್ಲರದೂ."

"ಹಂಗಾರ ನಂದೂ ಒಂದ್ ನೋಡಿಬಿಡ್ರೀ," ಎಂದು ಮೆಟ್ಟಿಲ ಕೆಳಗಿಂದ ತನ್ನ ಸೈಕಲ್ ಎಳೆದು ತಂದ. ಹಿಂದಿನದು ಕಡಿಮೆಯಾಗಿದೆ ಎಂದೆ. ಆವತ್ತಿನಿಂದ ಅವನ ದೃಷ್ಟಿಯಲ್ಲಿ ನಾನು ಕಳ್ಳರ ಪಟ್ಟಿಯಿಂದ ಹೊರಬಂದೆ. ಆದರೆ ಯಾವ ಪಟ್ಟಿಗೆ ಸೇರಿದೆ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಈ ಕಾಯಿಲೆ ನನ್ನದಲ್ಲ, ಅಪ್ಪನದು. ಅಪ್ಪ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು, ಪಾಸು ಅಥವಾ ರಿಜೆಕ್ಟು ಎಂದು ಹೇಳುವುದೇ ಕೆಲಸ. ಒಂದು ಅಳತೆಯನ್ನು ಒಮ್ಮೆ ನೋಡಿ ನಂಬಬಾರದು, ಮೂರು ಸಲ ನೋಡಬೇಕು ಎನ್ನುವುದು ಆ ವಿಭಾಗದ ಆಚಾರ. ಅಪ್ಪ ಅದನ್ನು ಚಪ್ಪಲಿಯ ಹಾಗೆ ಹೊಸಿಲಾಚೆ ಬಿಟ್ಟು ಬರುತ್ತಿರಲಿಲ್ಲ. ನನಗೆ ಜ್ವರ ಬಂದರೆ ಥರ್ಮಾಮೀಟರನ್ನು ಮೂರು ಸಲ ಬಾಯಿಗಿಟ್ಟು ಸರಾಸರಿ ತೆಗೆಯುತ್ತಿದ್ದರು. ಸರಾಸರಿ ಬರುವ ಹೊತ್ತಿಗೆ ಸ್ಕೂಲಿನ ಬಸ್ಸು ಬಂದಿರುತ್ತಿತ್ತು. ಅಮ್ಮ ಚಪಾತಿ ಬಡಿಸಿದರೆ ಅದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರಂತೆ. "ಇದು ಕಾರ್ಖಾನೆ ಅಲ್ಲ, ಸುಮ್ನೆ ತಿನ್ರೀ," ಎಂದು ಅಮ್ಮ ಗದರಿಸಿದ ಮೇಲೆ ನಿಲ್ಲಿಸಿದರು ಎಂಬುದು ಮನೆಯಲ್ಲಿ ಚಲಾವಣೆಯಲ್ಲಿರುವ ಕಥೆ. ಹಿಡಿದದ್ದನ್ನು ನಾನು ಕಂಡಿಲ್ಲ. ಆದರೆ ಕೇಳಿ ಕೇಳಿ, ಚಪಾತಿಯ ಹಿಂದೆ ಟ್ಯೂಬ್‌ಲೈಟ್ ಉರಿಯುತ್ತಿದ್ದದ್ದು ಕೂಡ ನನಗೀಗ ಕಾಣುತ್ತದೆ.

ಅಪ್ಪನ ಹತ್ತಿರ ನಾನು ಹುಟ್ಟುವ ಮೊದಲೇ ಕೊಂಡ ಬೈಕಿತ್ತು. ಮೈಸೂರಿನಲ್ಲಿ ತಯಾರಾದದ್ದು. ಕೆಂಗಂದು ಬಣ್ಣ, ಎರಡೂ ಕಡೆ ಒಂದೊಂದು ಸೈಲೆನ್ಸರ್. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಿಸಿದರೆ ಗೇರಿನ ಕಡ್ಡಿಯಾಗುವ ಆ ಗಾಡಿ ಗೊತ್ತಲ್ಲ, ಅದು. ಅದರ ಪ್ಲಗ್ಗಿನ ಮಸಿ ಒರೆಸುವುದು, ಚೈನಿಗೆ ಎಣ್ಣೆ ಹಾಕುವುದು, ಪೆಟ್ರೋಲಿಗೆ ಬೆರೆಸುವ ಆಯಿಲ್ ಅಳೆಯುವುದು ಎಲ್ಲವನ್ನೂ ಅಪ್ಪ ನನಗೆ ಕಲಿಸಿದರು. ಓಡಿಸುವುದನ್ನೂ ಕಲಿಸಿದರು, ಆದರೆ ನಾವಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಕಾಂಪೌಂಡಿನ ಒಳಗೆ ಮಾತ್ರ. ಗೇಟಿನ ತನಕ ಹೋಗಿ, ತಿರುಗಿಸಿಕೊಂಡು ಬರಬೇಕು. ಮೂರನೇ ಗೇರಿಗೆ ಬೀಳಿಸಿದ್ದು ಕೇಳಿಸಿದರೆ ವರಾಂಡದಿಂದ ಕೆಮ್ಮುತ್ತಿದ್ದರು. ನಾನು ಇಂಜಿನಿಯರಾದೆ, ಕೆಲಸಕ್ಕೆ ಸೇರಿದೆ, ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ದಿನಾ ಸ್ಕೂಟರ್ ಓಡಿಸಿದೆ, ಮದುವೆಯಾದೆ. ಅಪ್ಪನ ಬೈಕಿನ ಮಟ್ಟಿಗೆ ಮಾತ್ರ ನನ್ನ ಲೋಕ ಆ ಗೇಟಿಗೇ ಮುಗಿಯುತ್ತಿತ್ತು.

ಕಾರಣ ಒಂದು ಬಿದ್ದ ಕಥೆ. ನಾನಿನ್ನೂ ಚಿಕ್ಕವಳಿದ್ದಾಗ, ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅಪ್ಪ ಪೀಣ್ಯದಿಂದ ಬರುತ್ತಿದ್ದರಂತೆ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ. ಹಳೆಯ ಗಾಡಿಗಳ ಟೈರಿನೊಳಗೆ ಟ್ಯೂಬ್ ಇರುತ್ತದೆ. ಗಾಳಿ ಕಡಿಮೆಯಾದರೆ, ಬ್ರೇಕ್ ಒತ್ತಿದಾಗ ರಿಮ್ ನಿಂತರೂ ಟೈರು ಅದರ ಮೇಲೆ ಒಂದಿಷ್ಟು ಜಾರುತ್ತದೆ. ಟೈರು ಟ್ಯೂಬನ್ನು ಎಳೆಯುತ್ತದೆ, ಟ್ಯೂಬಿಗೆ ಗಾಳಿ ತುಂಬುವ ನಿಪ್ಪಲ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬುಡದಲ್ಲಿ ಹರಿಯುತ್ತದೆ. ಒಂದೇ ಉಸಿರಿಗೆ ಗಾಳಿಯೆಲ್ಲ ಹೊರಗೆ. ಆವತ್ತು ಆದದ್ದು ಅದೇ. ನನ್ನ ಗದ್ದದ ಕೆಳಗಿನ ಸಣ್ಣ ಕಲೆಯೇ ಸಾಕ್ಷಿ.

ನನಗೆ ಅದೆಲ್ಲ ಚೆನ್ನಾಗಿ ನೆನಪಿದೆ. ಬಿಸಿ ಟ್ಯಾಂಕು, ರಸ್ತೆ ಪಕ್ಕದ ಇದ್ದಿಲಿನ ರಾಶಿ, ಅಪ್ಪನ ಬಿಳಿ ಷರ್ಟಿನ ಕೈ. ತೊಂದರೆಯೇನೆಂದರೆ ಅಮ್ಮ ಇದನ್ನು ಒಪ್ಪುವುದಿಲ್ಲ. "ನೀನು ಅವತ್ತು ಗಾಡಿ ಮೇಲೆ ಇರ್ಲೇ ಇಲ್ಲ ಕಣೇ. ಮನೇಲಿ ನನ್ನ ಜೊತೆ ಇದ್ದೆ. ಗದ್ದ ಒಡ್ಕೊಂಡಿದ್ದು ಪಾರ್ಕಿನ ಉಯ್ಯಾಲೆ ಮೇಲಿಂದ ಬಿದ್ದು." ಹಾಗಾದರೆ ಆ ಇದ್ದಿಲಿನ ರಾಶಿ ಎಲ್ಲಿಂದ ಬಂತು? ಯಾವುದೋ ಇಸ್ತ್ರಿ ಅಂಗಡಿಯ ಮುಂದೆ ನೋಡಿದ್ದನ್ನು ನಾನೇ ತಂದು ಸುರಿದುಕೊಂಡಿರಬಹುದು. ಉಯ್ಯಾಲೆಯೂ ನೆನಪಾಗಲಿ ಎಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ.

ಯಾವುದು ನಿಜವಾದರೂ, ಅಲ್ಲಿಂದ ಮುಂದೆ ಅಪ್ಪ ಗಾಳಿಯ ವಿಷಯದಲ್ಲಿ ಜಿಪುಣತನ ಬಿಟ್ಟರು. ಕಂಪನಿಯ ಪುಸ್ತಕದಲ್ಲಿ ಹಿಂದಿನ ಚಕ್ರಕ್ಕೆ ಇಪ್ಪತ್ತಾರು ಪಾಯಿಂಟ್ ಎಂದಿದ್ದರೆ ಅಪ್ಪ ಮೂವತ್ತಾರು ಹಾಕುತ್ತಿದ್ದರು. ಆಯುಧಪೂಜೆಗೆ ಮೊದಲು ಇನ್ನೂ ಎರಡು ಹೆಚ್ಚು. ಚಕ್ರದಡಿ ಇಟ್ಟ ನಿಂಬೆಹಣ್ಣು ಬೇರೆಯವರ ಮನೆಯಲ್ಲಿ ಪಚಕ್ಕೆಂದು ಅಪ್ಪಚ್ಚಿಯಾದರೆ, ನಮ್ಮ ಮನೆಯಲ್ಲಿ ಗಟ್ಟಿ ಟೈರಿಗೆ ಸಿಡಿದು ಪಕ್ಕದವರ ತುಳಸಿಕಟ್ಟೆಗೆ ಹೋಗುತ್ತಿತ್ತು.

ಪೀಣ್ಯಕ್ಕೆ ಮೆಟ್ರೊ ಬಂದ ಹೊಸತು. ಅಪ್ಪ ಆಗಲೇ ನಿವೃತ್ತರಾಗಿ, ಹಳೆಯ ಸಹೋದ್ಯೋಗಿ ಸ್ವಾಮಿ ಅಂಕಲ್ ಪೀಣ್ಯದಲ್ಲಿ ನಡೆಸುತ್ತಿದ್ದ ಸಣ್ಣ ಲ್ಯಾಬಿಗೆ ಹೋಗಿಬರುತ್ತಿದ್ದರು. ಸುತ್ತಲಿನ ಕಾರ್ಖಾನೆಗಳ ಗೇಜುಗಳು ಸರಿಯಾಗಿ ತೋರಿಸುತ್ತಿವೆಯೋ ಇಲ್ಲವೋ ಎಂದು ಪರೀಕ್ಷಿಸುವ ಲ್ಯಾಬು. ಅಳೆಯುವವರನ್ನೇ ಅಳೆಯುವ ಕೆಲಸ, ಅಪ್ಪನಿಗೆ ಹೇಳಿ ಮಾಡಿಸಿದ್ದು. ಆ ದಿನಗಳಲ್ಲಿ ನನ್ನ ಆಫೀಸಿನ ನಿಖಿಲ್ ಎಂಬ ಹುಡುಗ ಒಂದು ಸುದ್ದಿ ತಂದ. ಎಲೆಕ್ಟ್ರಾನಿಕ್ ಸಿಟಿ ದಾಟಿ ಇನ್ನೂ ಮುಂದೆ ಹೋದರೆ ಒಂದು ಸಣ್ಣ ಖಾಸಗಿ ರೇಸ್ ಟ್ರ್ಯಾಕ್ ಇದೆ, ಒಂದು ಭಾನುವಾರ ಅದನ್ನು ಹಳೆಯ ಬೈಕುಗಳಿಗೆಂದೇ ಬಿಟ್ಟುಕೊಡುತ್ತಾರೆ, ರೇಸಲ್ಲ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ, ಎಷ್ಟು ಬೇಕೋ ಅಷ್ಟು ಜೋರಾಗಿ ಓಡಿಸಬಹುದು. ವ್ಯವಸ್ಥೆ ಮಾಡುವವರಲ್ಲಿ ಅವನೂ ಒಬ್ಬ. ನಾನು ಹೆಸರು ಕೊಟ್ಟುಬಿಟ್ಟೆ. ಆಮೇಲೆ ಅಪ್ಪನಿಗೆ ಹೇಳಿದೆ.

ಅಪ್ಪ ಬಹಳ ಹೊತ್ತು ಪೇಪರ್ ಓದಿದರು. ಪುಟ ತಿರುಗಿಸಲಿಲ್ಲ, ಬರೀ ಓದಿದರು.

"ಗಾಳಿ ನಾನು ನೋಡ್ತೀನಿ," ಎಂದರು ಕಡೆಗೆ. "ನಾನು ಸರಿ ಇದೆ ಅಂದ್ರೆ ಮಾತ್ರ ಹೋಗ್ಬೇಕು. ಇಲ್ಲ ಅಂದ್ರೆ ಇಲ್ಲ."

ಒಪ್ಪಿಕೊಂಡೆ. ಗೇಟಿನಾಚೆ ಅಪ್ಪನ ಬೈಕನ್ನು ಒಂದೇ ಒಂದು ಸಲ, ಅವರ ಎದುರಿಗೇ, ಅವರು ಕೆಮ್ಮದೆ ಓಡಿಸಬೇಕಿತ್ತು. ಅದಕ್ಕೆ ನಾನು ಏನನ್ನಾದರೂ ಒಪ್ಪುತ್ತಿದ್ದೆ.

ಬೈಕನ್ನು ಲಗೇಜ್ ಆಟೊದಲ್ಲಿ ಹಗ್ಗ ಬಿಗಿದು ಸಾಗಿಸಿದೆವು. ಸ್ವಾಮಿ ಅಂಕಲ್ ತಮ್ಮ ಕಾರಿನಲ್ಲಿ ನಮ್ಮನ್ನು ಕರೆದೊಯ್ದರು. ಅವರು ಹೋಗುವಲ್ಲೆಲ್ಲ ಅವರ ನಗುವೇ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ಟ್ರ್ಯಾಕಿನ ಪಕ್ಕದ ಶೆಡ್ಡಿನಲ್ಲಿ ಆಗಲೇ ಹಳೆಯ ಗಾಡಿಗಳು, ಅವುಗಳಿಗಿಂತ ಹಳೆಯ ಮಾಲೀಕರು, ನೀಲಿ ಹೊಗೆ. ನಿಖಿಲ್ ಓಡಿ ಬಂದು ಅಪ್ಪನ ಕೈ ಕುಲುಕಿದ.

"ಅಂಕಲ್, ಸಕ್ಕತ್ ಗಾಡಿ! ಗಾಳಿ ಎಷ್ಟಿದೆ?"

"ಮೂವತ್ತಾರು."

"ಅಯ್ಯೋ, ಕಲ್ಲಾಗಿರುತ್ತೆ ಅಂಕಲ್. ತಿರುವಲ್ಲಿ ಹಿಡಿಯಲ್ಲ, ಜಾರುತ್ತೆ. ಟ್ರ್ಯಾಕಲ್ಲಿ ಓಡ್ತಾ ಓಡ್ತಾ ಟೈರ್ ಬಿಸಿಯಾಗಿ ಒಳಗಿನ ಗಾಳಿ ಇನ್ನೂ ಏರುತ್ತೆ ಬೇರೆ. ಇಪ್ಪತ್ತಕ್ಕೆ ಇಳ್ಸಿಬಿಡಿ."

"ನಿನ್ನ ಗಾಡೀಲಿ ಟ್ಯೂಬ್ ಇದೆಯೇನಪ್ಪ?"

"ಇಲ್ಲ ಅಂಕಲ್, ಟ್ಯೂಬ್‌ಲೆಸ್."

"ಮತ್ತೆ?" ಎಂದರು ಅಪ್ಪ. ನಿಪ್ಪಲ್ಲೇ ಹರಿಯಲಾಗದ ಗಾಡಿಯವನ ಹತ್ತಿರ ಮಾತೇನು ಎನ್ನುವ ಮುಖ.

ಇಪ್ಪತ್ತು ತೀರಾ ಕಡಿಮೆಯಾಯಿತು, ಮೂವತ್ತಾರು ತೀರಾ ಹೆಚ್ಚಾಯಿತು ಎಂದು ನಾನು ಹೇಳಿದೆ. ಮೊದಲು ಈಗ ನಿಜವಾಗಿ ಎಷ್ಟಿದೆ ಎಂದು ಗೊತ್ತಾಗಲಿ ಎಂದರು ಅಪ್ಪ. ಜೇಬಿನಿಂದ ಪೆನ್ನಿನಾಕಾರದ ತಮ್ಮ ಹಿತ್ತಾಳೆ ಗೇಜ್ ತೆಗೆದು ಒತ್ತಿದರು. ಮೂವತ್ತೈದು. ಸ್ವಾಮಿ ಅಂಕಲ್ ಲ್ಯಾಬಿನಿಂದ ತಂದಿದ್ದ ಮುಳ್ಳಿನ ಗೇಜ್ ಒತ್ತಿದರು. ಮೂವತ್ತಮೂರು. ನಿಖಿಲನ ಡಿಜಿಟಲ್ ಗೇಜ್ ಮೂವತ್ತೆರಡು ಪಾಯಿಂಟ್ ನಾಲ್ಕು ಎಂದಿತು.

"ಚುಕ್ಕೆ ಹಾಕಿದ ತಕ್ಷಣ ನಿಜ ಆಗ್ಬಿಡುತ್ತಾ?" ಎಂದರು ಅಪ್ಪ.

ಮೂರು ಗೇಜುಗಳು, ಒಂದೊಂದರಲ್ಲಿ ಮೂರು ಸಲ. ಇಬ್ಬರು ನಿವೃತ್ತ ಇನ್‌ಸ್ಪೆಕ್ಟರುಗಳು ಚಕ್ರದ ಎರಡೂ ಕಡೆ ಕುಕ್ಕರುಗಾಲಲ್ಲಿ ಕೂತು ಒಬ್ಬರಿಗೊಬ್ಬರು ಅಂಕಿ ಕೂಗತೊಡಗಿದರು. ಎರಡನೇ ಸುತ್ತಿಗೆ ಅಪ್ಪನ ಗೇಜು ಮೂವತ್ತೆರಡು ತೋರಿಸಿತು. ಮೂರನೇ ಸುತ್ತಿಗೆ ಮೂವತ್ತು. ಅಪ್ಪನ ಹುಬ್ಬು ಗಂಟಾಯಿತು. ಪಂಕ್ಚರ್ ಇರಬಹುದೆಂದು ನಿಪ್ಪಲ್ಲಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಬರಲಿಲ್ಲ. ಚಕ್ರದ ಅರ್ಧ ಬಿಸಿಲಿನಲ್ಲಿದೆ, ಅದಕ್ಕೇ ಹೀಗೆ ಎಂದರು ಸ್ವಾಮಿ ಅಂಕಲ್. ಬೈಕನ್ನು ನೆರಳಿಗೆ ತಳ್ಳಿ ಮೊದಲಿಂದ ಶುರು ಮಾಡಿದರು. ಅಷ್ಟರಲ್ಲಿ ನನ್ನ ಗುಂಪಿನವರು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

"ಅಪ್ಪ," ಎಂದೆ, "ನೀವು ಒಂದೊಂದ್ಸಲ ಗೇಜ್ ಒತ್ತಿದಾಗ್ಲೂ ಪುಸ್ ಅಂತ ಚೂರು ಗಾಳಿ ಹೋಗ್ತಿದೆ. ನೀವು ಅಳೀತಿರೋದಕ್ಕೇ ಕಮ್ಮಿ ಆಗ್ತಿರೋದು."

ಇಬ್ಬರೂ ಕೈ ನಿಲ್ಲಿಸಿದರು. ಆಯುಷ್ಯವೆಲ್ಲ ಅಳೆಯುವುದರಲ್ಲೇ ಕಳೆದವರು. ಅವರು ಅಳೆದದ್ದೆಲ್ಲ ಕಬ್ಬಿಣ, ಉಕ್ಕು. ಎಷ್ಟು ಸಲ ಅಳೆದರೂ ಕರಗುವ ವಸ್ತುವಲ್ಲ. ಸ್ವಾಮಿ ಅಂಕಲ್ ಮೊದಲು ನಕ್ಕರು. ನಗುತ್ತ ನಗುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಏನಯ್ಯಾ ಶ್ರೀಕಂಠು, ಲ್ಯಾಬ್ ಮುಚ್ಚಿಬಿಡೋಣ್ವಾ?"

ನೆನಪುಗಳೂ ಹೀಗೆಯೇ, ಅಳೆದಷ್ಟೂ ಸೋರುತ್ತವೆ ಎಂದು ಇಲ್ಲೊಂದು ಸಾಲು ಬರೆಯಬೇಕೆಂಬ ಆಸೆ ನನಗಾಗುತ್ತಿದೆ. ಬೇಡ. ಇಷ್ಟು ಸಲೀಸಾಗಿ ಕೈಗೆ ಬಂದ ಹೋಲಿಕೆಯ ಮೇಲೆ ನನಗೆ ಅನುಮಾನ.

ಅಪ್ಪ ನಗಲಿಲ್ಲ. ಕಾಲಿನ ಪಂಪು ತಂದು ಮತ್ತೆ ಮೂವತ್ತಾರಕ್ಕೆ ಏರಿಸಿದರು. ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು, ಟೈರಿನಿಂದ ರಿಮ್ಮಿನವರೆಗೆ ಒಂದು ನೇರ ಗೆರೆ ಎಳೆದರು. ರಿಮ್ಮಿನ ಮೇಲೆ ಟೈರು ಕೊಂಚ ಜಾರಿದರೂ ಗೆರೆ ತುಂಡಾಗಿ ಎರಡಾಗುತ್ತದೆ, ಆಗ ಗೊತ್ತಾಗುತ್ತದೆ ಎಂದು ವಿವರಿಸಿದರು. "ಈಗ ಹೋಗು. ಪ್ರತಿ ಸುತ್ತಿಗೂ ಇಲ್ಲಿ ಬಂದಾಗ ನಿಧಾನ ಮಾಡು, ಗೆರೆ ನೋಡ್ತೀನಿ."

"ತಿರುಗೋ ಚಕ್ರದಲ್ಲಿ ಗೆರೆ ನೋಡ್ತೀಯೇನಯ್ಯಾ?" ಎಂದರು ಸ್ವಾಮಿ ಅಂಕಲ್.

ಹೋದೆ. ನೇರ ದಾರಿಯಲ್ಲಿ ಚೆನ್ನಾಗಿತ್ತು. ಮೊದಲ ತಿರುವಿನಲ್ಲಿ ಡಾಂಬರಿಗೆ ತೇಪೆ ಹಾಕಿದ್ದ ಜಾಗಕ್ಕೆ ಬಂದೊಡನೆ ಹಿಂದಿನ ಚಕ್ರ ರಾಗಿಕಾಳಿನ ಮೇಲೆ ಕಾಲಿಟ್ಟಂತೆ ಜಾರಿತು, ಹಾರಿತು, ಮತ್ತೆ ಜಾರಿತು. ಕೈಯೆಲ್ಲ ಬಿಗಿಹಿಡಿದು ಎರಡು ಸುತ್ತು ಹಾಕಿದೆ. ನನ್ನ ಪಕ್ಕದಿಂದ, ಹೊಟ್ಟೆ ಬಂದ ಒಬ್ಬ ದೊಡ್ಡ ಮನುಷ್ಯರು ಪುಟ್ಟ ಮೊಪೆಡ್ಡಿನ ಮೇಲೆ ಕೈಬೀಸಿ ಮುಂದೆ ಹೋದರು. ಅಲ್ಲಿಗೆ ಶೆಡ್ಡಿಗೆ ಮರಳಿದೆ.

"ಹಿಂದಿನ ಚಕ್ರ ನೆಲ ಹಿಡೀತಿಲ್ಲ ಅಪ್ಪ. ಕುಣೀತಿದೆ."

"ನಿಧಾನಕ್ಕೆ ಹೋಗು ಮತ್ತೆ."

"ನಿಧಾನಕ್ಕೆ ಹೋಗೋದಾದ್ರೆ ಕ್ವಾರ್ಟರ್ಸೇ ಸಾಕಿತ್ತಲ್ಲ."

ಅಪ್ಪ ಬಗ್ಗಿ ಗೆರೆ ನೋಡಿದರು. ಗೆರೆ ಗೆರೆಯಾಗಿಯೇ ಇತ್ತು. ಇನ್ನು ಹತ್ತು ನಿಮಿಷ ಉಳಿದಿದೆ ಎಂದು ನಿಖಿಲ್ ದೂರದಿಂದ ಕೈಬೆರಳು ಬಿಡಿಸಿ ತೋರಿಸಿದ.

"ಅವತ್ತು ಗಾಳಿ ಕಮ್ಮಿ ಇತ್ತು ಸುಮಾ," ಎಂದರು ಅಪ್ಪ, ಎದ್ದೇಳದೆ.

"ಅವತ್ತು ನಾನು ಗಾಡಿ ಮೇಲೇ ಇರ್ಲಿಲ್ವಂತೆ. ಅಮ್ಮ ಹೇಳ್ತಾಳೆ."

"ನಿಮ್ಮಮ್ಮ ಅಲ್ಲಿದ್ಲಾ? ನಾನಿದ್ದೆ. ನೀನು ಬಿದ್ದಿದ್ದು ನಾನು ನೋಡಿದೀನಿ."

ನನ್ನ ಗದ್ದದ ಕಲೆ ಉಯ್ಯಾಲೆಯದೇ ಇರಬಹುದು. ಅಪ್ಪ ಕಂಡದ್ದು ಮಾತ್ರ ರಸ್ತೆಯ ಮೇಲೆ ಬಿದ್ದ ಒಂದು ಮಗುವನ್ನು. ಇಷ್ಟು ವರ್ಷ ಅವರು ಆ ಚಕ್ರಕ್ಕೆ ತುಂಬುತ್ತಿದ್ದದ್ದು ಆ ಮಗುವಿಗಾಗಿ. ಅದು ಅಲ್ಲಿರಲೇ ಇಲ್ಲ ಎಂದು ವಾದ ಮಾಡಿ ಗೆಲ್ಲುವುದು ನನಗೆ ಬೇಕಿರಲಿಲ್ಲ.

"ಗೆರೆ ಸರಿದಿಲ್ಲ ತಾನೇ ಅಪ್ಪ?" ಎಂದೆ.

"ಸರಿದಿಲ್ಲ."

"ಇಳಿಸಿ ನೋಡೋಣ. ಐದೇ ನಿಮಿಷ. ಬಂದು ನಿಲ್ಲಿಸ್ತೀನಿ, ಗೆರೆ ಸರಿದಿದ್ರೆ ಹಗ್ಗ ಕಟ್ಟಿ ಮನೆಗೆ ತಗೊಂಡು ಹೋಗೋಣ."

ಅಪ್ಪ ನಿಪ್ಪಲ್ಲಿನ ಬುಡದ ನಟ್ಟನ್ನು ಬೆರಳಿನಿಂದ ಸಡಿಲಿಸಿದರು. ಟೈರು ಸ್ವಲ್ಪ ಜಾರಿದರೂ ನಿಪ್ಪಲ್ ಅದರ ಜೊತೆ ವಾಲಲಿ, ಹರಿಯದಿರಲಿ ಎಂದು. ಆಮೇಲೆ ಕ್ಯಾಪ್ ಬಿಚ್ಚಿ, ಉಗುರಿನಿಂದ ಒಳಗಿನ ಪಿನ್ನು ಒತ್ತಿ ಹಿಡಿದರು. ಅಪ್ಪ ಟೈರಿಗೆ ಗಾಳಿ ತುಂಬಿದ್ದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ತೆಗೆದದ್ದನ್ನು ಆವತ್ತು ಮೊದಲ ಸಲ ನೋಡಿದೆ. ರಬ್ಬರಿನ ವಾಸನೆಯ ತಣ್ಣನೆ ಗಾಳಿ ನನ್ನ ಕಾಲಿಗೆ ಬಡಿಯುತ್ತಿತ್ತು. ಅಪ್ಪ ತಮ್ಮ ಹಿತ್ತಾಳೆ ಗೇಜನ್ನು ಒಂದೇ ಸಲ ಒತ್ತಿ ನೋಡಿದರು.

"ಇಪ್ಪತ್ತಾರು. ಮುಂದಿಂದು ಇಪ್ಪತ್ತೆರಡು ಮಾಡ್ತೀನಿ. ಹೋಗು."

"ಇನ್ನೆರಡು ಸಲ ನೋಡಲ್ವಾ?"

"ಹೋಗು ಅಂದ್ನಲ್ಲ."

ಆ ಐದು ನಿಮಿಷದ ಬಗ್ಗೆ ಚೆಂದವಾಗಿ ಬರೆಯಬಲ್ಲೆ, ಆದ್ದರಿಂದಲೇ ಕಡಿಮೆ ಬರೆಯುತ್ತೇನೆ. ತೇಪೆಯ ಜಾಗದಲ್ಲಿ ಚಕ್ರ ಕುಣಿಯಲಿಲ್ಲ. ಒಂದು ಸಲ ಮೈ ಕೊಡವಿದಂತೆ ಮಾಡಿ, ನೆಲ ಕಚ್ಚಿ ಹಿಡಿಯಿತು. ಗಾಡಿ ವಾಲಿತು, ನಾನೂ ವಾಲಿದೆ. ಮೂರನೇ ಗೇರು, ನಾಲ್ಕನೇ ಗೇರು. ಯಾರೂ ಕೆಮ್ಮಲಿಲ್ಲ. ಮೊಪೆಡ್ಡಿನ ದೊಡ್ಡ ಮನುಷ್ಯರಿಗೆ ಈ ಸಲ ನಾನು ಕೈಬೀಸಿದೆ.

ವಾಪಸ್ ಬಂದು ನಿಲ್ಲಿಸಿದಾಗ ಅಪ್ಪ ನನ್ನ ಮುಖ ನೋಡಲಿಲ್ಲ. ನೇರ ಹಿಂದಿನ ಚಕ್ರದ ಹತ್ತಿರ ಕೂತರು. ಗೆರೆ ಸರಿದಿರಲಿಲ್ಲ. ಟೈರಿಗೆ ಅಂಗೈ ಇಟ್ಟು, ಬಿಸಿ ನೋಡಿ, ಗೇಜ್ ಒತ್ತಿದರು.

"ಇಪ್ಪತ್ತೊಂಬತ್ತು. ಮೂರು ಏರಿದೆ. ಸರಿಯಾಗಿದೆ."

"ಏಯ್, ಮಗಳನ್ನ ಕೇಳಯ್ಯಾ ಮೊದ್ಲು!" ಎಂದರು ಸ್ವಾಮಿ ಅಂಕಲ್.

"ಅವಳು ಬಂದಿದಾಳಲ್ಲ, ಕಾಣ್ತಿದೆ."

ಆಮೇಲೆ ಅಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ತಿನ್ನುವಾಗ ಸ್ವಾಮಿ ಅಂಕಲ್ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮಪ್ಪ ಒಂದು ರೌಂಡೂ ನೋಡ್ಲಿಲ್ಲಮ್ಮ, ಗೋಡೆ ಕಡೆ ತಿರುಗ್ಕೊಂಡು ನಿಂತಿದ್ದ," ಎಂದರು. ಅಪ್ಪನೋ, ಎರಡನೇ ತಿರುವಿನಲ್ಲಿ ನಾನು ಗೇರು ಬೇಗ ಬದಲಿಸಿದೆನೆಂದು ಇವತ್ತಿಗೂ ತಪ್ಪು ಹುಡುಕುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಮಧ್ಯಾಹ್ನ ಒಬ್ಬರ ಗಾಡಿ ಸ್ಟಾರ್ಟೇ ಆಗಲಿಲ್ಲ. ಅವರ ಸರದಿ ಖಾಲಿ ಬಿತ್ತು. ನಿಖಿಲ್ ಅಪ್ಪನ ಹತ್ತಿರ ಬಂದ.

"ಅಂಕಲ್, ನೀವೊಂದು ರೌಂಡ್ ಹೋಗಿ. ನಿಮ್ಮ ಗಾಡಿ, ನೀವೇ ಓಡಿಸ್ದೇ ಇದ್ರೆ ಹೆಂಗೆ?"

ಅಪ್ಪ ಬೇಡವೆಂದರು. ಕನ್ನಡಕ ಒರೆಸಿಕೊಂಡರು. ಮತ್ತೊಮ್ಮೆ ಬೇಡವೆಂದರು. ಆಮೇಲೆ ನನ್ನ ಹೆಲ್ಮೆಟ್ಟಿಗೆ ಕೈ ಚಾಚಿ, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ಗೇಜನ್ನು ನನಗೆ ಕೊಟ್ಟರು. ಆ ಗೇಜು ಅವರ ಜೇಬಿನಿಂದ ಬೇರೆಯವರ ಕೈಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

"ನನ್ನ ತೂಕಕ್ಕೆ ಎರಡು ಪಾಯಿಂಟ್ ಜಾಸ್ತಿ ಬೇಕು. ನೋಡಿ ಹಾಕು."

ಪಂಪು ಒತ್ತಿದೆ. ಗೇಜ್ ಒತ್ತಿದೆ. ಸರಿಯಾಗಿತ್ತು. ಅಪ್ಪ ಕಾಲೆತ್ತಿ ಹತ್ತಿ ಕೂತರು. ಹೆಲ್ಮೆಟ್ಟಿನ ಕೆಳಗೆ ನರೆತ ಕೂದಲು, ತೆಳ್ಳಗಿನ ಕತ್ತು. ಆ ಕತ್ತು ಅಷ್ಟು ತೆಳ್ಳಗಾದದ್ದು ಯಾವಾಗ? "ಒಂದ್ನಿಮಿಷ ಅಪ್ಪ," ಎಂದು ಮತ್ತೆ ಬಗ್ಗಿ ಒತ್ತಿದೆ. ಚೂರು ಕಡಿಮೆ. ಪಂಪು. ಗೆರೆ ಅಳಿಸಿ ಹೊಸದಾಗಿ ಎಳೆದೆ. ಮುಂದಿನ ಚಕ್ರ ನೋಡಿದೆ. ಹಿಂದಿನದನ್ನು ಮತ್ತೆ ನೋಡೋಣವೆಂದು ಬಂದೆ.

"ಏನಮ್ಮಾ, ನೀನೂನಾ?" ಎಂದು ಸ್ವಾಮಿ ಅಂಕಲ್ ನನ್ನ ಕೈ ಹಿಡಿದು ಪಕ್ಕಕ್ಕೆಳೆದರು. "ಬಿಡು, ಹೋಗ್ಲಿ."

ಅಪ್ಪ ಕಿಕ್ ಹೊಡೆದು, ಕಡ್ಡಿ ಮಡಿಸಿ, ಗೇರಿಗೆ ಹಾಕಿದರು. ಹೋದರು.

ಅವರು ಹೇಗೆ ಓಡಿಸಿದರೆಂದು ನನ್ನನ್ನು ಕೇಳಬೇಡಿ. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ಆದರೆ ಎರಡು ಸೈಲೆನ್ಸರುಗಳ ಸದ್ದು ಒಂದಾಗಿ ದೂರ ಹೋದದ್ದು, ಎರಡನೇ ಗೇರು, ಮೂರನೇ ಗೇರು, ನೇರ ದಾರಿ ಮುಗಿಯುವಲ್ಲಿ ಆಕ್ಸಿಲರೇಟರಿನ ಹಿಡಿ ಸಡಿಲಿಸಿದ್ದು, ಎಲ್ಲವೂ ಗೊತ್ತಾಗುತ್ತಿತ್ತು. ಇನ್ನೀಗ ತೇಪೆಯ ಜಾಗ. ಸದ್ದು ಪೂರ್ತಿ ಇಳಿಯಿತು. ಗೋಡೆಯ ಮೇಲೆ ಅಂಗೈ ಊರಿ ಕಾದೆ. ಮತ್ತೆ ಏರಿತು.